ಪೆನ್ನಂಗಡಿ ಪ್ರಶ್ನೋತ್ತರ: ಈ ಸಲ ಪೆನ್ ತಿರುಗ್ಸೋರ ಪಾಳಿ

ಹೋದ ಸಂಚಿಕೇಲಿ ಶಾಯಿ ಪೆನ್ನಿನ ನಿಬ್ಬು ಯಾಕೆ ಹಾಳೆ ಕೆರೀತದೆ ಅಂತ ಒಬ್ರು ಕೇಳಿದ್ರು, ಅದಕ್ಕೆ ಉತ್ತರ ಬರೀತಾ ಬರೀತಾ, ನಮ್ಮಂಗಡಿಗೆ ಬರೋ ಕಾಲೇಜು ಹುಡುಗ್ರು ಪೆನ್ನಲ್ಲಿ ಬರ್ದು ನೋಡಲ್ಲ, ಹೆಬ್ಬೆರಳ ಮೇಲೆ ತಿರುಗ್ಸಿ ನೋಡಿ ತಗೊಳ್ತಾರೆ ಅಂತ ಸುಮ್ನೆ ಒಂದು ಸಾಲು ಸೇರಿಸಿದ್ದೆ. ಅಷ್ಟೇ. ಈ ತಿಂಗ್ಳು ಬಂದಿರೋ ಪತ್ರ, ವಾಟ್ಸಾಪು ಎಲ್ಲಾ ಅದ್ರ ಮೇಲೇನೇ. ನಿಬ್ಬಿನೋರು ಒಂದು ತಿಂಗ್ಳು ತಡ್ಕೊಳ್ಳಿ.

ಪ್ರಶ್ನೆ: ನನ್ನ ಮಗ ಸೆಕೆಂಡ್ ಪಿಯು ಸೈನ್ಸು. ಓದೋಕೆ ಕೂತ್ರೆ ಪೆನ್ನು ಕೈಯಲ್ಲಿ ಗಿರಗಿರ ತಿರುಗ್ತಾನೇ ಇರುತ್ತೆ, ಐದು ನಿಮಿಷಕ್ಕೊಂದ್ಸಲ ಟಕ್ ಅಂತ ನೆಲಕ್ಕೆ ಬೀಳುತ್ತೆ. ಅವ್ರಪ್ಪ ಚಟ ಅಂತಾರೆ, ನಮ್ಮತ್ತೆ ಗ್ರಹಚಾರ ಅಂತಾರೆ. ಬಿಡ್ಸೋದು ಹೆಂಗೆ?
– ಒಬ್ಬ ತಾಯಿ, ನಿಟ್ಟುವಳ್ಳಿ, ದಾವಣಗೆರೆ

ಉತ್ತರ: ಅಕ್ಕಾರೆ, ಮೊದ್ಲು ನೀವೇ ಒಂದು ನೋಡ್ಕೊಂಡು ಬನ್ನಿ. ತಿರುಗ್ಸುವಾಗ ಅವ್ನ ಕಣ್ಣು ಪುಸ್ತಕದ ಮೇಲಿರುತ್ತಾ, ಬೆರಳ ಮೇಲಿರುತ್ತಾ? ಕಣ್ಣು ಪುಸ್ತಕದಲ್ಲಿದ್ದು ಕೈ ತನ್ನ ಪಾಡಿಗೆ ತಾನು ಆಡ್ತಿದ್ರೆ ಅದು ನಾವೆಲ್ಲ ಫೋನಲ್ಲಿ ಮಾತಾಡ್ತಾ ಕೈಗೆ ಸಿಕ್ಕ ಹಾಳೆ ಮೇಲೆ ಗೀಚ್ತೀವಲ್ಲ, ಬಸ್ಸಲ್ಲಿ ಕೂತು ಕಾಲು ಅಲ್ಲಾಡಿಸ್ತೀವಲ್ಲ, ಅಂಥದ್ದು, ಬಿಟ್ಟಾಕಿ. ಕಣ್ಣು ಬೆರಳ ಮೇಲಿದ್ರೆ ಅವ್ನು ಓದ್ತಿಲ್ಲ, ಪ್ರಾಕ್ಟೀಸ್ ಮಾಡ್ತಿದಾನೆ. ಪ್ರಾಕ್ಟೀಸ್ ಮಾಡೋದೂ ತಪ್ಪೇನಲ್ಲ, ಕ್ರಿಕೆಟ್ಟಿಗೆ ಹೊರಗೆ ಹೋಗಿ ಬರೋಕೆ ಒಂದು ಗಂಟೆ ಬಿಡ್ತೀರಲ್ಲ ಹಂಗೆ ಇದಕ್ಕೂ ಸಂಜೆ ಅರ್ಧ ಗಂಟೆ ಬಿಡಿ, ಆದ್ರೆ ಫಿಸಿಕ್ಸ್ ಪುಸ್ತಕ ಮುಂದಿಟ್ಕೊಂಡು ಓದೋ ನಾಟ್ಕ ಬೇಡ ಅನ್ನಿ.

ಇದು ನಿಮ್ಮನೇಲಿ ಹುಟ್ಟಿದ ಕಾಯಿಲೆನೂ ಅಲ್ಲ. ಜಪಾನಲ್ಲಿ ಇದಕ್ಕೆ ಪೆನ್ ಮವಾಶಿ ಅಂತಾರೆ, ಮವಾಶಿ ಅಂದ್ರೆ ತಿರುಗ್ಸೋದು. ಇನ್ನೊಂದು ಹೆಸ್ರು ರೋನಿನ್ ಮವಾಶಿ. ರೋನಿನ್ ಅಂದ್ರೆ ಹಿಂದಿನ ಕಾಲದಲ್ಲಿ ಒಡೆಯ ಇಲ್ಲದೆ ಅಲೀತಿದ್ದ ಸಮುರಾಯಿ, ಈಗ ಯೂನಿವರ್ಸಿಟಿ ಎಂಟ್ರೆನ್ಸಲ್ಲಿ ಫೇಲಾಗಿ ಮುಂದಿನ ವರ್ಷದ ಪರೀಕ್ಷೆಗೆ ಓದ್ತಾ ಕೂತಿರೋ ಹುಡುಗ್ರನ್ನೂ ಹಂಗೇ ಕರೀತಾರೆ, ನಮ್ಮಲ್ಲಿ ನೀಟ್ ರಿಪೀಟರ್ ಅಂತೀವಲ್ಲ ಅವ್ರು. ಈ ಎರಡನೇ ಹೆಸ್ರಿನ ಸುದ್ದಿ ನಿಮ್ಮತ್ತೆಯೋರ ಕಿವಿಗೆ ಬೀಳದಂಗೆ ನೋಡ್ಕೊಳ್ಳಿ. 1997ರಲ್ಲಿ ಹಿದೆಯಾಕಿ ಕೊಂಡೊ ಅನ್ನೋರು ಇದ್ರ ಪಟ್ಟುಗಳನ್ನ ಇಂಟರ್ನೆಟ್ಟಿಗೆ ಹಾಕಿದ್ರು, ಆಮೇಲೆ ಬೇರೆ ದೇಶದ ಹುಡುಗ್ರಿಗೂ ಹಿಡೀತು. ನಮ್ಮ ದಾವಣಗೆರೆ ಚಿತ್ರದುರ್ಗದಿಂದ ಬೇರೆ ಆಗಿ ಜಿಲ್ಲೆ ಆಯ್ತಲ್ಲ, ಅದೇ ವರ್ಷ. ಅಂದ್ರೆ ನಮ್ಮ ಡಿಸಿ ಆಫೀಸಿಗೂ ಇಂಟರ್ನೆಟ್ಟಿನ ಈ ಆಟಕ್ಕೂ ಒಂದೇ ವಯಸ್ಸು.

ಟಕ್ ಟಕ್ ಸದ್ದಿಗೆ ಔಷಧಿ ಸುಲಭ. ಟೇಬಲ್ ಮೇಲೆ ಹಳೇ ಟವೆಲ್ ಹಾಸಿ, ಇಲ್ಲ ಮಂಚದ ಮೇಲೆ ಕೌದಿ ಹಾಸಿ ಅಲ್ಲಿ ಕೂರ್ಸಿ. ಬರೆಯೋ ಪೆನ್ನು ಬೇರೆ, ತಿರುಗ್ಸೋ ಪೆನ್ನು ಬೇರೆ ಇರ್ಲಿ, ದಿನಾ ನೆಲಕ್ಕೆ ಬಿದ್ದ ಬಾಲ್‌ಪೆನ್ನು ಪರೀಕ್ಷೆ ದಿನ ಕೈ ಕೊಡುತ್ತೆ. ಪರೀಕ್ಷೆ ಹಾಲಲ್ಲಿ ಮಾತ್ರ ತಿರುಗ್ಸಂಗಿಲ್ಲ ಅಂತ ಗಟ್ಟಿಯಾಗಿ ಹೇಳಿ, ಅಲ್ಲಿ ಪಕ್ಕದ ಮಗು ತಲೆ ಕೆಡಿಸ್ಕೊಂಡು ಕೂತಿರುತ್ತೆ, ಅದ್ರ ಕಾಲ ಹತ್ರ ನಿಮ್ಮ ಮಗನ ಪೆನ್ನು ಹೋಗಿ ಬಿದ್ರೆ ಸೂಪರ್‌ವೈಸರ್‌ಗೂ ಅನುಮಾನ, ಆ ಮಗುಗೂ ತೊಂದ್ರೆ.

ಪ್ರಶ್ನೆ: ಅಣ್ಣಾ, ಮೂರು ವಾರ ಆಯ್ತು, ಹೆಬ್ಬೆರಳ ಸುತ್ತ ಪೆನ್ ತಿರುಗ್ಸೋ ಥಂಬ್ ಅರೌಂಡ್ ಟ್ರೈ ಮಾಡ್ತಾ ಇದೀನಿ, ಪೆನ್ನು ಒಂದು ಸುತ್ತು ಬರೋ ಬದ್ಲು ಹಾರಿ ಹೋಗುತ್ತೆ. ನಿನ್ನೆ ಬೇರೆ ಫ್ರೆಂಡ್ ಕೆನ್ನೆಗೆ ಬಿತ್ತು. ವಿಡಿಯೋದಲ್ಲಿ ಎಷ್ಟು ಈಸಿ ಕಾಣುತ್ತೆ. ನನ್ನ ಕೈಯೇ ಸರಿ ಇಲ್ವಾ?
– ಡಿಪ್ಲೊಮಾ ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: ಕೈ ಸರಿ ಐತೆ ಕಣಪ್ಪ, ಜೋರು ಜಾಸ್ತಿ ಆಗಿದೆ. ಎಲ್ರೂ ಮಾಡೋ ತಪ್ಪು ಇದೇ, ಪೆನ್ನನ್ನ ಎಸೀಬೇಕು ಅಂದ್ಕೊಳ್ತಾರೆ. ಎಸೆಯೋದಲ್ಲ, ಚಿಟಿಕೆ ಹೊಡೆಯೋದು. ಈಗ ಪೆನ್ನಿಲ್ದೆ ಒಂದ್ಸಲ ಚಿಟಿಕೆ ಹೊಡಿ. ನಡು ಬೆರಳು ಹೆಬ್ಬೆರಳನ್ನ ಸವರ್ಕೊಂಡು ಅಂಗೈ ಒಳಗೆ ಬಂತಲ್ಲ? ಅಷ್ಟೇ ಕೆಲ್ಸ, ಅದಕ್ಕಿಂತ ಒಂದು ಚೂರೂ ಜಾಸ್ತಿ ಬೇಡ.

ಈಗ ಪೆನ್ ತಗೋ. ಮೊದ್ಲು ಅದನ್ನ ಒಂದೇ ಬೆರಳ ಮೇಲೆ ಅಡ್ಡ ಇಟ್ಟು ತೂಗಿ ನೋಡು, ಎಲ್ಲಿ ಇಟ್ರೆ ಎರಡೂ ಕಡೆ ಬೀಳದೆ ನಿಲ್ಲುತ್ತೋ ಅದು ಅದ್ರ ನಡು. ಕ್ಯಾಪ್ ಹಾಕಿರೋ ಪೆನ್ನಲ್ಲಿ ನಡು ಕ್ಯಾಪಿನ ಕಡೆ ಸರಿದಿರುತ್ತೆ, ಕಣ್ಣಳತೇಲಿ ಹಿಡಿದ್ರೆ ತಪ್ಪುತ್ತೆ. ಆ ಜಾಗದ ಹತ್ರ ಹೆಬ್ಬೆರಳು, ನಡು ಬೆರಳು ಎರಡರ ಮಧ್ಯ ಹಿಡ್ಕೋ, ತೋರುಬೆರಳು ಸುಮ್ನೆ ಪೆನ್ನಿಗೆ ಒರಗಿರ್ಲಿ. ನಡು ಬೆರಳನ್ನ ಒಳಕ್ಕೆ ಎಳಿ, ಎಳೆದ ಕೂಡ್ಲೇ ತೋರುಬೆರಳು ದಾರಿ ಬಿಡ್ಬೇಕು. ಪೆನ್ನು ಹೆಬ್ಬೆರಳ ಬೆನ್ನ ಮೇಲೆ, ಉಗುರಿಗೂ ಮೊದಲ ಗೆಣ್ಣಿಗೂ ಹತ್ರ, ಉರುಳ್ಕೊಂಡು ಸುತ್ತು ಬರುತ್ತೆ. ಬರೋ ಹೊತ್ತಿಗೆ ತೋರುಬೆರಳೋ ನಡು ಬೆರಳೋ ಅಲ್ಲಿ ಬಾಗಿಲಲ್ಲಿ ನಿಂತಂಗೆ ನಿಂತು ಹಿಡ್ಕೋಬೇಕು. ನಿಂಗೆ ಹಾರಿ ಹೋಗ್ತಿರೋದಕ್ಕೆ ನಂಗೆ ಎರಡು ಅನುಮಾನ. ಒಂದು, ತೋರುಬೆರಳಲ್ಲೂ ತಳ್ತಾ ಇದೀಯ. ಎರಡು, ಹೆಬ್ಬೆರಳನ್ನ ಸೆಟೆದು ಕಂಬದಂಗೆ ನಿಲ್ಸಿದೀಯ, ಸ್ವಲ್ಪ ಬಗ್ಗಿಸಿ ಸಡಿಲ ಬಿಡು. ಮಣಿಕಟ್ಟು ಪೆನ್ನಿನ ಜೊತೆ ಒಂಚೂರು ತಿರುಗಿದ್ರೆ ತಪ್ಪಿಲ್ಲ, ಪೂರ್ತಿ ತೋಳೇ ತಿರುಗಿದ್ರೆ ಅದು ಬಾವಿಗೆ ಕೊಡ ಬಿಟ್ಟಂಗೆ ಆಗುತ್ತೆ.

ನಂದೂ ಹಂಗೇ ಇತ್ತು ಬಿಡು. ಕಾಲೇಜು ದಿನಗಳಲ್ಲಿ ನಂಗೆ ಶಾಯಿ ಪೆನ್ನಲ್ಲೇ ಕಲೀಬೇಕು ಅಂತ ಹುಚ್ಚು, ಕ್ಯಾಪು ಸರಿಯಾಗಿ ಕೂತಿರ್ಲಿಲ್ಲ, ತಿರುಗಿದ ರಭಸಕ್ಕೆ ಕ್ಯಾಪು ಒಂದು ಕಡೆ ಶಾಯಿ ಇನ್ನೊಂದು ಕಡೆ, ಹಬ್ಬಕ್ಕೆ ಅಂತ ಹದಿನೈದು ದಿನದ ಹಿಂದೆ ಸುಣ್ಣ ಹೊಡಿಸಿದ್ದ ಗೋಡೆ ಮೇಲೆ ನೀಲಿ ಚುಕ್ಕಿ ಕಾಮನಬಿಲ್ಲಿನಂಗೆ ಮೂಡ್ತು. ನಮ್ಮಪ್ಪ ಆವತ್ತು ಏನೂ ಅನ್ಲಿಲ್ಲ, ಬ್ರಷ್ಷು ಸುಣ್ಣದ ಡಬ್ಬಿ ತಂದು ನನ್ ಮುಂದೆ ಇಟ್ಟು ಹೋದ್ರು.

ಥಂಬ್ ಅರೌಂಡ್ ಹತ್ತಕ್ಕೆ ಏಳು ಸಲ ಬರೋಕೆ ಶುರುವಾದ್ಮೇಲೆ ಸೋನಿಕ್ ಹಿಡಿ. ಪೆನ್ನನ್ನ ನಡು ಬೆರಳು ಉಂಗುರ ಬೆರಳ ಸಂದೀಲಿ ಇಟ್ಟು ನಡು ಬೆರಳ ಹಿಂದಿನಿಂದ ಸುತ್ತಾಡಿಸಿ ತೋರುಬೆರಳು ನಡು ಬೆರಳ ಸಂದಿಗೆ ತರೋದು ಅದು. ಚಾರ್ಜ್ ಅಂತ ಇನ್ನೊಂದೈತೆ, ಅದ್ರಲ್ಲಿ ಪೆನ್ನು ಎರಡು ಬೆರಳ ಸಂದಿ ಬಿಟ್ಟು ಎಲ್ಲೂ ಹೋಗಲ್ಲ, ಎರಡೂ ತುದಿ ಮಾತ್ರ ಗಾಳೀಲಿ ಸುತ್ತು ಹೊಡೀತವೆ, ನೋಡೋಕೆ ಸಪ್ಪೆ ಆದ್ರೆ ದೊಡ್ಡ ಪಟ್ಟುಗಳನ್ನ ಒಂದಕ್ಕೊಂದು ಜೋಡ್ಸೋಕೆ ಇದೇ ಬೇಕಾಗುತ್ತೆ. ಫಿಂಗರ್ ಪಾಸ್ ಅಂದ್ರೆ ತೋರುಬೆರಳಿಂದ ಕಿರುಬೆರಳ ತನಕ ಪೆನ್ನು ಒಂದೊಂದೇ ಬೆರಳು ದಾಟ್ಕೊಂಡು ಹೋಗೋದು. ಇವನ್ನ ಬರ್ಕೊಳ್ಳೋಕೆ ಬೆರಳಿಗೆ ನಂಬರ್ ಇಟ್ಟಿದಾರೆ, ತೋರುಬೆರಳು 1, ನಡು ಬೆರಳು 2, ಉಂಗುರದ್ದು 3, ಕಿರುಬೆರಳು 4, ಹೆಬ್ಬೆರಳಿಗೆ ನಂಬರಿಲ್ಲ, ಟಿ ಅಂತಾರೆ. ಸೋನಿಕ್ 23-12 ಅಂತ ಎಲ್ಲಾದ್ರೂ ನೋಡಿದ್ರೆ ಗಾಬರಿ ಬೀಳ್ಬೇಡ, ಬಸ್ ರೂಟ್ ನಂಬರ್ ಅಲ್ಲ, 2-3ರ ಸಂದಿಯಿಂದ 1-2ರ ಸಂದಿಗೆ ಅಂತ ಅರ್ಥ.

ಪ್ರಶ್ನೆ: ತಿರುಗ್ಸೋಕೆ ಅಂತಲೇ ಮಾಡಿರೋ ಪೆನ್ನು ಆನ್‌ಲೈನಲ್ಲಿ ಬರುತ್ತೆ, ರೇಟು ನೋಡಿದ್ರೆ ವಾರದ ಮೆಸ್ ದುಡ್ಡು. ಹತ್ತು ರೂಪಾಯಿ ಪೆನ್ನಲ್ಲಿ ಆಗಲ್ವಾ? ಏನು ಡಿಫರೆನ್ಸು?
– ಇಂಜಿನಿಯರಿಂಗ್ ಹುಡುಗ, ವಿದ್ಯಾನಗರ, ದಾವಣಗೆರೆ

ಉತ್ತರ: ಪೆನ್ ಮಾರೋನ ಹತ್ರ ಈ ಪ್ರಶ್ನೆ ಕೇಳಿದೀಯಲ್ಲಪ್ಪ. ಇರ್ಲಿ, ನಿಜ ಹೇಳ್ತೀನಿ, ವ್ಯಾಪಾರ ಹೋದ್ರೂ ಪರ್ವಾಗಿಲ್ಲ. ಕಲಿಯೋಕೆ ಹತ್ತು ರೂಪಾಯಿ ಪೆನ್ನು ಸಾಕು. ಆದ್ರೆ ಡಿಫರೆನ್ಸು ಐತೆ.

ನೀನು ಜಾತ್ರೇಲಿ ದೊಂಬರಾಟ ನೋಡಿದೀಯ? ಹಗ್ಗದ ಮೇಲೆ ನಡೆಯೋ ಹುಡುಗಿ ಕೈಯಲ್ಲಿ ಉದ್ದದ ಗಳ ಯಾಕಿರುತ್ತೆ? ತೂಕ ನಡೂಕಿಂದ ದೂರ ಇದ್ದಷ್ಟೂ ಆ ಗಳ ಬೇಗ ವಾಲಲ್ಲ, ಅವ್ಳಿಗೆ ಸರಿ ಮಾಡ್ಕೊಳ್ಳೋಕೆ ಟೈಮ್ ಸಿಗುತ್ತೆ. ನಿಮ್ಮ ಮೆಕ್ಯಾನಿಕ್ಸ್ ಪುಸ್ತಕದಲ್ಲಿ ಮೊಮೆಂಟ್ ಆಫ್ ಇನರ್ಶಿಯಾ ಅಂತ ಬರುತ್ತಲ್ಲ, ಅದೇ ಇದು. ದೂರ ಎರಡರಷ್ಟಾದ್ರೆ ಅದೇ ತೂಕ ನಾಲ್ಕರಷ್ಟು ಕೆಲ್ಸ ಮಾಡುತ್ತೆ. ಪೆನ್ನಿಗೂ ಹಂಗೇ, ಎರಡೂ ತುದೀಲಿ ತೂಕ, ಉದ್ದ ಹೆಚ್ಚು ಕಮ್ಮಿ 20 ಸೆಂಟಿಮೀಟರ್ ಇದ್ರೆ ಅದು ನಿಧಾನಕ್ಕೆ ಒಂದೇ ಲಯದಲ್ಲಿ ಸುತ್ತುತ್ತೆ, ಬೆರಳು ಅದನ್ನ ಕಾಯ್ಕೊಂಡು ನಿಲ್ಬೋದು. ನಾವು ಮಾರೋ ಮಾಮೂಲಿ ಬಾಲ್‌ಪೆನ್ನು 14-15 ಸೆಂಟಿಮೀಟರು, ಹಗೂರ, ಅದೂ ಒಂದೇ ಕಡೆ ತೂಕ, ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಸುತ್ತು ಮುಗಿದಿರುತ್ತೆ.

ಅದಕ್ಕೆ ಮನೇಲೇ ಮಾಡ್ಕೋ. ಇಂಥದ್ದಕ್ಕೆ ಮಾಡ್ ಅಂತ ಹೆಸ್ರು, ಇಂಗ್ಲಿಷಿನ ಮಾಡಿಫೈ ಅನ್ನೋದ್ರ ಗಿಡ್ಡ ರೂಪ. ಹೊರದೇಶದ ಹುಡುಗ್ರು ಪೆಂಟೆಲ್ ಕಂಪನಿಯ ಆರ್‌ಎಸ್‌ವಿಪಿ ಅನ್ನೋ ಪೆನ್ನಿನ ಬಿಡಿಭಾಗ ಎರಡೂ ತುದಿಗೆ ಒಂದೇ ಥರ ಜೋಡ್ಸಿ ಎಮ್‌ಎಕ್ಸ್ ಅಂತ ಮಾಡ್ಕೊಂಡಿದ್ದು ಭಾಳ ಫೇಮಸ್ಸು. ನೀನು ಅಷ್ಟು ದೂರ ಹೋಗ್ಬೇಡ. ಒಂದೇ ಥರದ ಎರಡು ಪೆನ್ ತಗೋ, ಒಂದರ ರೀಫಿಲ್ ತೆಗ್ದು ಎರಡೂ ಕಡೆ ಕ್ಯಾಪ್ ಕೂರೋ ಹಂಗೆ ಮಾಡು, ಕೂರ್ಲಿಲ್ಲ ಅಂದ್ರೆ ಪೇಪರ್ ಸುತ್ತಿ ಬಿಗಿ ಮಾಡು, ಕ್ಯಾಪಿನ ಕ್ಲಿಪ್ ಮುರಿದುಹಾಕು ಇಲ್ಲ ಅಂದ್ರೆ ಬೆರಳು ಗೀರುತ್ತೆ. ಜೆಲ್ ಪೆನ್ನಿನ ರಬ್ಬರ್ ಗ್ರಿಪ್ಪು ಎರಡಿದ್ರೆ ಎರಡೂ ತುದಿಗೆ ಹಾಕು, ತೂಕನೂ ಬಂತು ಹಿಡಿತಾನೂ ಬಂತು. ಬೆರಳ ಮೇಲೆ ತೂಗಿ ನೋಡು, ನಡು ಸರಿಯಾಗಿ ಮಧ್ಯಕ್ಕೆ ಬರೋ ತನಕ ಆ ಕಡೆ ಈ ಕಡೆ ಪೇಪರ್ ಚೂರು ತುಂಬ್ತಾ ಹೋಗು. ಟಿಕ್ ಟಿಕ್ ಒತ್ತೋ ಪೆನ್ನು ಮಾತ್ರ ಬೇಡ, ಬಿದ್ದಾಗೆಲ್ಲ ಸ್ಪ್ರಿಂಗು ಹೊರಗೆ ಬರುತ್ತೆ, ಆ ಸ್ಪ್ರಿಂಗು ಮಂಚದ ಕೆಳಗೆ ಹೋದ್ರೆ ಜನ್ಮದಲ್ಲಿ ಸಿಗಲ್ಲ.

ಪ್ರಶ್ನೆ: ನಾನು ಕಾಟನ್ ಮಿಲ್ಲಲ್ಲಿ ಕೆಲ್ಸ ಮಾಡಿದೋನು, ಈಗ 68. ಆಗ ನೂಲು ತುಂಡಾದ್ರೆ ಕಣ್ಣಲ್ಲಿ ನೋಡ್ದೆ ಕೈಯಲ್ಲೇ ಗಂಟು ಹಾಕ್ತಿದ್ವಿ. ಈಗ ಅಂಗಿ ಗುಂಡಿ ಹಾಕೋಕೂ ಬೆರಳು ತಡವರಿಸ್ತವೆ. ಮೊಮ್ಮಗ ಪೆನ್ನು ತಿರುಗ್ಸೋದು ನೋಡಿ ಆಸೆ ಆಯ್ತು, ಆದ್ರೆ ಪೆನ್ನು ನನ್ ಕೈಯಲ್ಲಿ ನಿಲ್ಲಲ್ಲ. ಬೇರೆ ಏನಾದ್ರೂ ಐತಾ?
– ಹಿರಿಯ ಓದುಗರು, ದಾವಣಗೆರೆ

ಉತ್ತರ: ಯಜಮಾನ್ರೆ, ನಿಮ್ಮ ಪತ್ರ ಎರಡು ಸಲ ಓದ್ದೆ. ನಮ್ಮ ಅಂಗಡೀಲಿ ಪೆನ್ ತಿರುಗ್ಸೋ ಹುಡುಗ್ರನ್ನ ನೋಡಿ ಓಹೋ ಅಂತೀವಿ, ಈ ಊರಲ್ಲಿ ಮಿಲ್ಲಿನ ಸೈರನ್ನಿಗೆ ಗಡಿಯಾರ ಇಟ್ಕೊಳ್ತಿದ್ದ ಕಾಲದಲ್ಲಿ ನಿಮ್ಮಂಥೋರು ಎಷ್ಟು ಜನ ಶಿಫ್ಟಿಗೆ ಎಷ್ಟು ಗಂಟು ಹಾಕಿದ್ರೋ, ಅದನ್ನ ಯಾರೂ ವಿಡಿಯೋ ಮಾಡ್ಲಿಲ್ಲ.

ನಿಮಗೆ ನಾಣ್ಯ ಸರಿಹೋಗುತ್ತೆ. ಹತ್ತು ರೂಪಾಯಿ ನಾಣ್ಯ ತಗೊಳ್ಳಿ, 27 ಮಿಲಿಮೀಟರ್ ಅಗಲ, ಸಣ್ಣ ನಾಣ್ಯಕ್ಕಿಂತ ಇದನ್ನ ಹಿಡಿಯೋದು ಸುಲಭ. ರಿಸರ್ವ್ ಬ್ಯಾಂಕ್ ಎಷ್ಟು ಸಲ ಹೇಳಿದ್ರೂ ಕೆಲವು ಅಂಗಡಿಯೋರು ಹತ್ತರ ನಾಣ್ಯ ಬೇಡ ಅಂತಾರೆ, ಹಂಗೆ ವಾಪಸ್ ಬಂದ ನಾಣ್ಯ ಇದಕ್ಕೆ ಉಪಯೋಗ ಆಗ್ಲಿ. ಅಂಗೈ ಕೆಳಗೆ ಮಾಡಿ ಸಡಿಲವಾಗಿ ಮುಷ್ಟಿ ಕಟ್ಟಿ. ನಾಣ್ಯದ ಅಂಚನ್ನ ಹೆಬ್ಬೆರಳು, ತೋರುಬೆರಳ ಪಕ್ಕ ಎರಡರ ಮಧ್ಯ ಒತ್ತಿ ಹಿಡೀರಿ. ಹೆಬ್ಬೆರಳಿಂದ ಅದನ್ನ ತೋರುಬೆರಳ ಬೆನ್ನ ಮೇಲಕ್ಕೆ ತಳ್ಳಿ, ನಡು ಬೆರಳನ್ನ ಒಂಚೂರು ಮೇಲೆತ್ತಿ ನಾಣ್ಯದ ಆಚೆ ಅಂಚನ್ನ ಅಮುಕಿ, ಅದು ಮಗುಚಿ ಆ ಬೆರಳ ಮೇಲೆ ಬರುತ್ತೆ. ಹಿಂಗೇ ಉಂಗುರ ಬೆರಳು, ಆಮೇಲೆ ಕಿರುಬೆರಳ ಪಕ್ಕದ ಸಂದೀಲಿ ಕೆಳಗೆ ಇಳಿಸಿ, ಅಂಗೈ ಕೆಳಗಿಂದ ಹೆಬ್ಬೆರಳಿನ ತುದೀಲಿ ಹೊತ್ಕೊಂಡು ಮೊದಲಿನ ಜಾಗಕ್ಕೆ. ಓದೋಕೆ ಉದ್ದ, ಬಂದ್ಮೇಲೆ ನೀರು ಹರಿದಂಗೆ. ಉಂಗುರ ಬೆರಳು ಹೇಳಿದ ಮಾತು ಕೇಳಲ್ಲ, ಎಲ್ರಿಗೂ ಅದೇ ಕಷ್ಟ, ಅದಕ್ಕೆ ವಯಸ್ಸು ಕಾರಣ ಅಲ್ಲ. ಮೊದಲ ವಾರ ತೋರುಬೆರಳಿಂದ ನಡು ಬೆರಳಿಗೆ ಅಷ್ಟೇ ಮಾಡಿ. ಬೆರಳಲ್ಲಿ ನೋವು, ಜೋಮು ಇದ್ರೆ ಅಥವಾ ಈ ತಡವರಿಸೋದು ಇತ್ತೀಚೆಗೆ ಶುರುವಾಗಿದ್ರೆ ನಾಣ್ಯಕ್ಕೆ ಮುಂಚೆ ಡಾಕ್ಟರ್ ಹತ್ರ ಹೋಗ್ಬನ್ನಿ, ನಾನು ಪೆನ್ನಂಗಡಿಯೋನು.

ಮೊಮ್ಮಗನಿಗೆ ಆ ಕಣ್ಮುಚ್ಚಿ ಹಾಕೋ ಗಂಟು ಕಲಿಸ್ರಿ. ಅವ್ನು ಸೋಲ್ತಾನೆ, ಬೆಟ್ಟು ಕಟ್ತೀನಿ.

ಪ್ರಶ್ನೆ: ನಾನು ಡಿಗ್ರಿ ಓದ್ತಿದೀನಿ. ಮನೇಲಿ ಪೆನ್ನು ತಿರುಗ್ಸಿದ್ರೆ ಅಜ್ಜಿ, ಬೆರಳು ಅಷ್ಟು ಚುರುಕಿದ್ರೆ ಬಾ ಅಡಿಕೆ ಸುಲಿ ಅಂತಾರೆ. ಏನು ಹೇಳ್ಲಿ?
– ಓದುಗಿ, ಚನ್ನಗಿರಿ

ಉತ್ತರ: ಏನೂ ಹೇಳ್ಬೇಡಮ್ಮ, ಹೋಗಿ ಸುಲಿ. ಮೆಟ್ಟುಗತ್ತಿ ಮುಂದೆ ಕೂತು ಮಾತಾಡ್ತಾ ಮಾತಾಡ್ತಾ, ಟಿವಿ ಸೀರಿಯಲ್ ನೋಡ್ತಾ, ಒಂದು ಸಲಾನೂ ಬೆರಳು ಕುಯ್ಕೊಳ್ದೆ ಕಾಯಿ ಸುಲಿಯೋ ಹೆಂಗಸ್ರ ಕೈ ನೋಡು, ಯಾವ ಸೋನಿಕ್ಕೂ ಅದ್ರ ಮುಂದೆ ನಿಲ್ಲಲ್ಲ. ಒಂದು ವ್ಯತ್ಯಾಸ ಮಾತ್ರ ಒಪ್ಕೊಬೇಕು, ಅವ್ರಿಗೆ ಅದು ಕೂಲಿ, ನಿಂಗೆ ಇದು ಆಟ. ಕೂಲಿ ಸಿಗದೇ ಇರೋದಕ್ಕೇ ನಂಗೆ ಈ ಆಟ ಇಷ್ಟ, ಅದು ಬೇರೆ ಮಾತು. ಸುಲಿದು ಮುಗಿದ್ಮೇಲೆ ಅಜ್ಜಿ ಕೈಗೆ ಒಂದು ಪೆನ್ ಕೊಟ್ಟು ನೋಡು. ಹೂ ಕಟ್ಟೋ ಕೈ ಆಗಿದ್ರೆ ನಿನಗಿಂತ ಬೇಗ ಕಲೀತಾರೆ ಅಂತ ನನ್ನ ಅನುಮಾನ, ದಾರನ ಬೆರಳಿಗೆ ಸುತ್ತಿ ಸುತ್ತಿ ಅವ್ರ ಉಂಗುರ ಬೆರಳು ಆಗ್ಲೇ ಪಳಗಿರುತ್ತೆ.

ಪ್ರಶ್ನೆ: ಎಡಗೈಯೋರು ಮಾಡ್ಬೋದಾ?
– ಹರಿಹರ

ಉತ್ತರ: ಮಾಡ್ಬೋದು. ವಿಡಿಯೋನ ಕನ್ನಡೀಲಿ ನೋಡು.

ಪ್ರಶ್ನೆ: ಕಾರ್ಡಲ್ಲಿ ಒಂದೇ ಕೈಯಿಂದ ಕಟ್ ಮಾಡೋದು ಕಲೀಬೇಕು ಅಂತ ಒಂದು ಪ್ಯಾಕ್ ತಂದೆ, ಮನೇಲಿ ರಣರಂಗ ಆಯ್ತು. ಇಸ್ಪೀಟು ಮನೆಗೆ ತಂದಿದಾನೆ ಅಂತ ಅಪ್ಪ ಎರಡು ದಿನ ಮಾತು ಬಿಟ್ರು. ಇದು ಜೂಜಲ್ಲ ಅಂತ ಹೆಂಗೆ ಒಪ್ಸೋದು?
– ಚಳ್ಳಕೆರೆ

ಉತ್ತರ: ಅಪ್ಪನ ತಪ್ಪಿಲ್ಲ ತಮ್ಮ. ನಮ್ಮ ಕಡೆ ಪೇಪರಲ್ಲಿ ಇಸ್ಪೀಟು ಅನ್ನೋ ಪದ ಬರೋದೇ ಅಡ್ಡೆ ಮೇಲೆ ದಾಳಿ ಅನ್ನೋ ಹೆಡ್ಡಿಂಗ್ ಜೊತೆ. ಬಾಯಲ್ಲಿ ಒಪ್ಸೋಕೆ ಹೋಗ್ಬೇಡ, ಮಾಡಿ ತೋರ್ಸು, ಅದೂ ಹಾಲಲ್ಲಿ ಎಲ್ರ ಮುಂದೆ, ರೂಮಲ್ಲಿ ಬಾಗ್ಲು ಹಾಕ್ಕೊಂಡು ಅಲ್ಲ. ನೀನು ಕೇಳ್ತಿರೋದಕ್ಕೆ ಚಾರ್ಲಿಯರ್ ಕಟ್ ಅಂತಾರೆ. ಪ್ಯಾಕನ್ನ ಬೆರಳ ತುದೀಲಿ ಎತ್ತರಕ್ಕೆ ಹಿಡಿ, ಉದ್ದದ ಒಂದು ಬದಿಗೆ ಹೆಬ್ಬೆರಳು ಇನ್ನೊಂದು ಬದಿಗೆ ನಡು ಬೆರಳು ಉಂಗುರ ಬೆರಳು. ಹೆಬ್ಬೆರಳು ಸಡಿಲ ಮಾಡಿ ಕೆಳಗಿನ ಅರ್ಧ ಅಂಗೈಗೆ ಬೀಳೋ ಹಂಗೆ ಬಿಡು. ತೋರುಬೆರಳನ್ನ ಅದ್ರ ಅಡಿಗೆ ತೂರ್ಸಿ ಹೆಬ್ಬೆರಳ ಕಡೆ ಎತ್ತು, ಅದು ಬಾಗಿಲಿನಂಗೆ ನಿಲ್ಲುತ್ತೆ, ಮೇಲಿನ ಅರ್ಧ ಅದ್ರ ಕೆಳಗೆ ಜಾರುತ್ತೆ, ಮುಚ್ಚು. ಮೊದಲ ದಿನ ಐವತ್ತೆರಡು ಎಲೆನೂ ನೆಲದ ಮೇಲಿರ್ತವೆ, ಆರಿಸ್ಕೊಡೋಕೆ ಅಪ್ಪನೇ ಬರ್ತಾರೆ ನೋಡು. ಅರ್ಧ ಪ್ಯಾಕಲ್ಲಿ ಶುರು ಮಾಡಿದ್ರೆ ಸುಲಭ.

ಪ್ರಶ್ನೆ: ಪೆನ್ ಸ್ಪಿನ್ನಿಂಗಿಗೆ ಕಾಂಪಿಟೇಶನ್ ಇರುತ್ತಾ, ಎಲ್ಲಿಗೆ ಹೋಗ್ಬೇಕು?
– ಹೊಳಲ್ಕೆರೆ

ಉತ್ತರ: ಎಲ್ಲಿಗೂ ಹೋಗ್ಬೇಕಾಗಿಲ್ಲ, ಅದೇ ಇದ್ರ ಚಂದ. ಬೇರೆ ಬೇರೆ ದೇಶದೋರು ಆಡೋ ಟೂರ್ನಮೆಂಟು ವಿಡಿಯೋ ಮೇಲೇ ನಡೀತವೆ. ಪಟ್ಟುಗಳನ್ನ ಒಂದರ ಹಿಂದೊಂದು ನಿಲ್ಲದಂಗೆ ಜೋಡ್ಸಿ ಮಾಡೋದಕ್ಕೆ ಕಾಂಬೊ ಅಂತಾರೆ, ಅದನ್ನ ಶೂಟ್ ಮಾಡಿ ಕಳ್ಸೋದು, ಜಡ್ಜುಗಳು ನೋಡಿ ಮಾರ್ಕ್ಸ್ ಕೊಡೋದು. ಕೊಲಾಬ್ ಅಂತ ಇನ್ನೊಂದು, ಅದ್ರಲ್ಲಿ ಸೋಲು ಗೆಲುವಿಲ್ಲ, ಹತ್ತಾರು ಜನರ ಕಾಂಬೊ ಸೇರ್ಸಿ ಒಂದು ವಿಡಿಯೋ. ಮುಖ ತೋರ್ಸೋ ಹಂಗೂ ಇಲ್ಲ, ಕೈ ಕಂಡ್ರೆ ಸಾಕು. ಫೋನನ್ನ ಪುಸ್ತಕಕ್ಕೆ ಒರಗ್ಸಿ, ಹಿಂದೆ ಒಂದೇ ಬಣ್ಣದ ಬೆಡ್‌ಶೀಟ್ ಇರ್ಲಿ, ಕಿಟಕಿ ಬೆಳಕಲ್ಲಿ ತೆಗಿ. ಹೂವಿನ ಚಿತ್ತಾರದ ಬೆಡ್‌ಶೀಟ್ ಮೇಲೆ ತೆಗೆದ್ರೆ ಪೆನ್ನು ಎಲ್ಲೈತೆ ಅಂತ ನಿಂಗೇ ಕಾಣಲ್ಲ.

ಪ್ರಶ್ನೆ: ಅಂಕಲ್, ನಾನು ಏಳನೇ ಕ್ಲಾಸು. ಕ್ಲಾಸಲ್ಲಿ ನನ್ ಪೆನ್ನು ಹಾರಿ ಟೀಚರ್ ಟೇಬಲ್ ಮೇಲೆ ಬಿತ್ತು. ಅವ್ರು ಅದನ್ನ ಎತ್ಕೊಂಡು ಡ್ರಾಯರಲ್ಲಿ ಇಟ್ಕೊಂಡ್ರು. ನಾನೇ ಮಾಡಿದ ಮಾಡ್ ಅದು, ನಾಲ್ಕು ದಿನ ಆಯ್ತು. ವಾಪಸ್ ಹೆಂಗೆ ಇಸ್ಕೊಳ್ಳೋದು?
– ದಾವಣಗೆರೆ

ಉತ್ತರ: ಫ್ರೆಂಡ್ಸ್ ಜೊತೆ ಹೋಗ್ಬೇಡ, ಒಬ್ನೇ ಹೋಗು, ಊಟದ ಬೆಲ್ ಆದ್ಮೇಲೆ ಹೋಗು, ಊಟಕ್ಕೆ ಮುಂಚೆ ಟೀಚರ್‌ಗಳಿಗೆ ಹಸಿವಾಗಿರುತ್ತೆ. ಸಾರಿ ಮಿಸ್, ಕ್ಲಾಸಲ್ಲಿ ತಿರುಗ್ಸಲ್ಲ ಅನ್ನು, ಹಂಗಂದ್ಮೇಲೆ ನಿಜಕ್ಕೂ ತಿರುಗ್ಸ್ಬಾರ್ದು. ಏನಿದು ಇದ್ರಲ್ಲಿ ರೀಫಿಲ್ಲೇ ಇಲ್ವಲ್ಲ ಅಂತ ಕೇಳೇ ಕೇಳ್ತಾರೆ. ನಾನೇ ಮಾಡಿದ್ದು ಅಂತ ಹೇಳು, ಬೆರಳ ಮೇಲೆ ತೂಗಿ ನಡು ತೋರ್ಸು, ಅವ್ರು ಸೈನ್ಸ್ ಟೀಚರ್ ಆಗಿದ್ರೆ ನಿನ್ನ ಕೆಲ್ಸ ಅಲ್ಲೇ ಆಯ್ತು. ಕೈಗೆ ಬಂದ್ಮೇಲೆ ಹೊರಗೆ ಓಡೋ ಮುಂಚೆ ಎರಡೂ ಕ್ಯಾಪ್ ಐತಾ ನೋಡ್ಕೊ.